ಸಾಲ ಮೊದಲೋ, ಕಸುಬು ಮೊದಲೋ?

ಬ್ಯಾಂಕಿನವರು ನಾಲ್ಕು ಜನ ಒಂದೆಡೆ ಸೇರಿದರೆ ಅರ್ಧ ಮಾತು ಬರೀ ಅಕ್ಷರಗಳಲ್ಲೇ ನಡೆಯುತ್ತದೆ. ಡಿಐಸಿ, ಐಆರ್‌ಡಿಪಿ, ಟ್ರೈಸೆಮ್, ಪಿಎಂಆರ್‌ವೈ, ಎಸ್‌ಜೆಎಸ್‌ಆರ್‌ವೈ... ಇದನ್ನೆಲ್ಲ ಕೇಳಿ ಕೇಳಿ ನನ್ನ ಹೆಂಡತಿ ಒಮ್ಮೆ "ನೀವು ಕೆಲಸ ಮಾಡುವುದು ಬ್ಯಾಂಕಿನಲ್ಲೋ, ಔಷಧದ ಅಂಗಡಿಯಲ್ಲೋ?" ಎಂದು ಕೇಳಿದ್ದಳು. ಹೆಸರುಗಳು ಔಷಧದ್ದೇ ಸರಿ. ರೋಗವೂ ಒಂದೇ ಆಗಿತ್ತು. ಓದಿ ಕೆಲಸವಿಲ್ಲದೆ ಕೂತ ಹುಡುಗರು ತಮ್ಮ ಜಿಲ್ಲೆಯಲ್ಲೇ ಏನಾದರೂ ಸ್ವಂತ ದಂಧೆ ಹೂಡಬೇಕು, ಸಿಕ್ಕ ಸಿಕ್ಕ ರೈಲು ಹತ್ತಿ ಮುಂಬಯಿಗೆ ಬಂದು ನಮ್ಮ ಹಾಗೆ ಲೋಕಲ್ ಬಾಗಿಲಲ್ಲಿ ಜೋತಾಡಬಾರದು ಎಂಬುದು ಸರ್ಕಾರದ ಆಸೆ. ಕಳೆದ ಐವತ್ತು ವರ್ಷ ಇದಕ್ಕಾಗಿ ಹರಿದ ಹಣ ಸಣ್ಣದಲ್ಲ. ಅದರಲ್ಲಿ ಒಂದು ಪಾಲು ನನ್ನ ಮೇಜಿನ ಮೇಲೂ ಹಾದು ಹೋಗಿದೆ. ಹಾಗಾಗಿ ಈ ಇತಿಹಾಸವನ್ನು ಒಮ್ಮೆ ಬರೆದಿಡಬೇಕು ಅನಿಸಿತು.

ಬರೆಯಲು ಇನ್ನೊಂದು ಕಾರಣವೂ ಇದೆ. ಈ ಕಥೆಯಲ್ಲಿ ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ. ಮೂವರೂ ನಮ್ಮ ಹಳೆಯ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರು. ಒಬ್ಬರು ಕಚೇರಿ ಕಟ್ಟಿದರು, ಒಬ್ಬರು ಸಾಲ ಹಂಚಿಸಿದರು, ಒಬ್ಬರು ಕಸುಬು ಕಲಿಸಿದರು. ಈ ಮೂರು ದಾರಿಗಳನ್ನು ಒಟ್ಟಿಗಿಟ್ಟು ನೋಡಿದ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ.

ಆಸೆಯೇನೋ ಹಳೆಯದೇ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ವಿಶ್ವೇಶ್ವರಯ್ಯನವರ ಯೋಜನೆ. ಕೃಷಿ, ಶಿಕ್ಷಣ, ಕೈಗಾರಿಕೆ-ವಾಣಿಜ್ಯ ಎಂದು ಸಮಿತಿಗಳು, ಅವುಗಳ ಕೆಳಗೆ ಜಿಲ್ಲೆ ಜಿಲ್ಲೆಗೂ ಸಮಿತಿಗಳು. 1913ರಲ್ಲಿ ಮೈಸೂರು ಬ್ಯಾಂಕ್ ಬಂತು, 1916ರಲ್ಲಿ ವಾಣಿಜ್ಯ ಮಂಡಳಿ ಬಂತು. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, ದುಡಿದದ್ದು ಬಹುಪಾಲು ಮುಂಬಯಿ ಪ್ರಾಂತ್ಯದಲ್ಲಿ ಎಂಬುದನ್ನು ನಮ್ಮ ಇಲ್ಲಿನ ಸಂಘಗಳು ಪ್ರತಿ ಸೆಪ್ಟೆಂಬರ್‌ನಲ್ಲಿ ನೆನಪಿಸುತ್ತಲೇ ಇರುತ್ತವೆ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ನಾನು ಹೇಳಹೊರಟದ್ದು ಸ್ವಾತಂತ್ರ್ಯದ ನಂತರದ, ನಮ್ಮ ನಿಮ್ಮ ಕಾಲದ ಕಥೆ.

ಮೊದಲ ಹೆಸರು ಜಾರ್ಜ್ ಫರ್ನಾಂಡಿಸ್. ಮಂಗಳೂರಲ್ಲಿ 1930ರಲ್ಲಿ ಹುಟ್ಟಿದವರು, 1949ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದು ಚೌಪಾಟಿಯಲ್ಲಿ ಮಲಗಿದವರು. ಮುಂಬಯಿ ಮಹಾನಗರಪಾಲಿಕೆಯಲ್ಲಿ ಕಾರ್ಪೊರೇಟರ್ ಆಗಿದ್ದರು, 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು, ಇದೆಲ್ಲ ಮುಂಬಯಿ ಕನ್ನಡಿಗರಿಗೆ ಬಾಯಿಪಾಠ. 1977ರಲ್ಲಿ ಕೈಗಾರಿಕಾ ಮಂತ್ರಿಯಾದಾಗ ಕೋಕಾಕೋಲಾ ಜತೆ ಜಗಳವಾಡಿದ್ದು ಎಲ್ಲರಿಗೂ ನೆನಪಿದೆ. ಆದರೆ ಅದೇ ವರ್ಷ ಡಿಸೆಂಬರ್ 23ರಂದು ಸಂಸತ್ತಿನ ಮುಂದಿಟ್ಟ ಕೈಗಾರಿಕಾ ನೀತಿ ಯಾರಿಗೂ ನೆನಪಿಲ್ಲ. ಸಣ್ಣ ಕೈಗಾರಿಕೆಯ ಕೇಂದ್ರ ಇನ್ನು ಮೇಲೆ ದೊಡ್ಡ ಪೇಟೆಗಳೂ ಅಲ್ಲ, ರಾಜಧಾನಿಗಳೂ ಅಲ್ಲ, ಜಿಲ್ಲೆಯ ಊರು ಎಂದು ಆ ನೀತಿ ಹೇಳಿತು. ಸಣ್ಣ ಉದ್ದಿಮೆಗೆ ಮಾತ್ರ ಮೀಸಲಾದ ವಸ್ತುಗಳ ಪಟ್ಟಿ 180ರಿಂದ 504ಕ್ಕೆ ಏರಿತು. ಮತ್ತೆ 1978ರ ಮೇ 1ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರ ಎಂಬ ಕಚೇರಿಗಳು ಶುರುವಾದವು. ಅದೇ ನಮ್ಮ ಡಿಐಸಿ.

ಡಿಐಸಿಯ ಹಿಂದಿನ ವಿಚಾರ ಸರಳವಾಗಿತ್ತು, ಒಳ್ಳೆಯದೂ ಆಗಿತ್ತು. ಒಬ್ಬ ಹುಡುಗ ಹಂಚಿನ ಕಾರ್ಖಾನೆಯೋ ಗೋಡಂಬಿ ಸಂಸ್ಕರಣೆಯೋ ಶುರು ಮಾಡಬೇಕಾದರೆ ಹತ್ತು ಕಚೇರಿ ಸುತ್ತಬೇಕು. ಅದರ ಬದಲು ಒಂದೇ ಸೂರಿನಡಿ ಒಬ್ಬ ಜನರಲ್ ಮ್ಯಾನೇಜರ್, ಅವರ ಕೈಕೆಳಗೆ ಯಂತ್ರಕ್ಕೆ ಒಬ್ಬ, ಕಚ್ಚಾಮಾಲಿಗೆ ಒಬ್ಬ, ಸಾಲಕ್ಕೆ ಒಬ್ಬ, ಮಾರಾಟಕ್ಕೆ ಒಬ್ಬ ಮ್ಯಾನೇಜರ್. ಹುಡುಗ ಒಳಗೆ ಬಂದರೆ ಎಲ್ಲ ಮುಗಿಸಿಕೊಂಡೇ ಹೊರಗೆ ಹೋಗಬೇಕು. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಇಲ್ಲ. ಆದರೆ ಕಚೇರಿಗೆ ಕಚೇರಿಯದೇ ಸ್ವಭಾವ. ಯಂತ್ರದ ಮ್ಯಾನೇಜರ್ ಬಹುತೇಕ ಸಲ ಯಂತ್ರ ಓಡಿಸಿದವರಲ್ಲ, ಮಾರಾಟದವರು ಒಂದು ಡಜನ್ ಉದುಬತ್ತಿ ಮಾರಿದವರೂ ಅಲ್ಲ. ಫರ್ನಾಂಡಿಸರ ಸರ್ಕಾರ 1979ರಲ್ಲಿ ಬಿತ್ತು, ಡಿಐಸಿ ಉಳಿಯಿತು. ನಾನು ಕಂಡಷ್ಟು ಕಾಲ ಅದರ ಮುಖ್ಯ ಕೆಲಸ ಸಾಲದ ಅರ್ಜಿಗೆ ಶಿಫಾರಸು ಮಾಡಿ ಬ್ಯಾಂಕಿಗೆ ಕಳಿಸುವುದು. ಹತ್ತು ಕಚೇರಿ ಹೋಗಿ ಹನ್ನೊಂದಾಯಿತು ಅಂತ ನಮ್ಮ ಹಿರಿಯ ಮ್ಯಾನೇಜರೊಬ್ಬರು ಹೇಳುತ್ತಿದ್ದರು. ಅದು ಸ್ವಲ್ಪ ಅತಿಯಾಯಿತು ಅನ್ನಿ. ಜಿಲ್ಲೆಯ ಹುಡುಗನಿಗೆ 'ನನ್ನ ಕಚೇರಿ' ಅಂತ ಹೇಳಿಕೊಳ್ಳಲು ಒಂದು ಬಾಗಿಲಾದರೂ ಆಯಿತಲ್ಲ.

ಅದೇ ಹೊತ್ತಿಗೆ ಹಳ್ಳಿಗಳಿಗೆ ಐಆರ್‌ಡಿಪಿ ಬಂತು. 1978-79ರಲ್ಲಿ ಕೆಲವು ಬ್ಲಾಕುಗಳಲ್ಲಿ ಶುರುವಾಗಿ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಹರಡಿತು. ಬ್ಲಾಕಿಗೆ ವರ್ಷಕ್ಕೆ 600 ಬಡ ಕುಟುಂಬ ಎಂದು ಲೆಕ್ಕ. ಸಣ್ಣ ರೈತನಿಗೆ ಕಾಲು ಪಾಲು ಸಬ್ಸಿಡಿ, ಅತಿ ಸಣ್ಣ ರೈತನಿಗೂ ಕೂಲಿಯವನಿಗೂ ಮೂರರಲ್ಲೊಂದು ಪಾಲು, ಗಿರಿಜನರಿಗೆ ಅರ್ಧ, ಉಳಿದದ್ದು ಬ್ಯಾಂಕ್ ಸಾಲ. ಹೆಚ್ಚಾಗಿ ಎಮ್ಮೆ, ಹಸು, ಕುರಿ. ಸಾಲದ ಹಸುವಿಗೆ ವಿಮೆ, ವಿಮೆಗೆ ಗುರುತಾಗಿ ಕಿವಿಗೊಂದು ಬಿಲ್ಲೆ. ಹಸು ಸತ್ತರೆ ಬಿಲ್ಲೆ ಸಮೇತ ಕಿವಿ ತರಬೇಕು. ಹಸು ಜೀವಂತವಿದ್ದೂ ಕಿವಿ ಮಾತ್ರ ಬ್ಯಾಂಕಿಗೆ ಬಂದ ಕಥೆಗಳು ಹಳೆಯ ಗ್ರಾಮೀಣ ಶಾಖೆಗಳವರ ಹತ್ತಿರ ಬೇಕಾದಷ್ಟಿವೆ. ಇದರ ಜೊತೆಗಿದ್ದ ಟ್ರೈಸೆಮ್, 1979ರ ಆಗಸ್ಟ್ 15ರಂದು ಶುರುವಾದ ಯೋಜನೆ. 18ರಿಂದ 35ರ ಗ್ರಾಮೀಣ ಯುವಜನರಿಗೆ ಕಸುಬು ಕಲಿಸುವುದು, ವರ್ಷಕ್ಕೆ 2 ಲಕ್ಷ ಮಂದಿ. ಅಂದರೆ ಕಲಿಸಬೇಕು ಎಂಬ ತಿಳಿವಳಿಕೆ ಸರ್ಕಾರಕ್ಕೆ ಇರಲಿಲ್ಲವೆಂದಲ್ಲ. ಆದರೆ ಬ್ಲಾಕ್ ಆಫೀಸಿನ ಗೋಡೆಯ ಮೇಲೆ ದಿನಾ ತಿದ್ದುತ್ತಿದ್ದ ಗುರಿ ಸಾಲದ್ದು. ಕಲಿತವರ ಸಂಖ್ಯೆಗೆ ಅಂಥ ಮರ್ಯಾದೆ ಇರಲಿಲ್ಲ.

ಎರಡನೆಯ ಹೆಸರು ಜನಾರ್ದನ ಪೂಜಾರಿ. ಮಂಗಳೂರಿನ ಲೋಕಸಭಾ ಸದಸ್ಯರು, 1980ರ ದಶಕದಲ್ಲಿ ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರು. ಅವರ ಸಾಲ ಮೇಳಗಳ ಬಗ್ಗೆ ಬ್ಯಾಂಕಿನವರಲ್ಲಿ ಇವತ್ತಿಗೂ ಎರಡು ಗುಂಪು. ಮೈದಾನದಲ್ಲಿ ಶಾಮಿಯಾನ, ಧ್ವನಿವರ್ಧಕ, ಸಾಲಾಗಿ ನಿಂತ ಬಡವರು, ವೇದಿಕೆಯ ಮೇಲೆ ಮಂಜೂರಾತಿ ಪತ್ರ. ಬ್ಯಾಂಕಿನ ಶಿಸ್ತೇ ಹಾಳಾಯಿತು ಅನ್ನುವವರು ಒಂದು ಕಡೆ. ಅವರ ಮಾತಲ್ಲಿ ಸತ್ಯವಿದೆ. ಆದರೆ ನಮ್ಮ ಊರ ಕಡೆ ಬೀಡಿ ಕಟ್ಟುವ ಹೆಂಗಸು ಬ್ಯಾಂಕಿನ ಮೆಟ್ಟಿಲು ಹತ್ತಿದ್ದೇ ಆ ಮೇಳದ ದೆಸೆಯಿಂದ ಅನ್ನುವವರೂ ಇದ್ದಾರೆ, ಅವರದೂ ಸುಳ್ಳಲ್ಲ. ನಮ್ಮ ಜಿಲ್ಲೆ ಅಷ್ಟೊಂದು ಬ್ಯಾಂಕುಗಳನ್ನು ಹೆತ್ತರೂ ಆ ಬ್ಯಾಂಕುಗಳ ಗಾಜಿನ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ನಿಂತವರು ಬಹಳ ಜನ. ಪೂಜಾರಿಯವರು ಆ ಬಾಗಿಲು ತೆರೆಸಿದರು. ಒಳಗೆ ಹೋದವನ ಕೈಗೆ ಹಣ ಬಂತು. ಆ ಹಣವನ್ನು ದುಡಿಸುವುದು ಹೇಗೆಂದು ಹೇಳಿಕೊಡುವ ಮನುಷ್ಯ ಶಾಮಿಯಾನದಲ್ಲಿ ಇರಲಿಲ್ಲ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ಸುಸ್ತಿ ಸಾಲ ಮನ್ನಾ ಮಾಡಿದ ಮೇಲೆ ಹಳ್ಳಿಗಳಲ್ಲಿ ಇನ್ನೊಂದು ಪಾಠ ಹರಡಿತು. ಕಟ್ಟಿದವ ಪೆದ್ದ!

ನಾನು ಬ್ಯಾಂಕ್ ಸೇರಿದ್ದು ಇದರ ನಂತರ. ವಿದ್ಯಾವಂತ ಹುಡುಗರಿಗಾಗಿ 1983ರಲ್ಲಿ ಬಂದಿದ್ದ ಒಂದು ಯೋಜನೆಯನ್ನೂ ನುಂಗಿಕೊಂಡು, 1993ರ ಅಕ್ಟೋಬರ್ 2ರಂದು ಪ್ರಧಾನಮಂತ್ರಿ ರೋಜಗಾರ್ ಯೋಜನೆ, ಅಂದರೆ ಪಿಎಂಆರ್‌ವೈ ಶುರುವಾಗಿತ್ತು. 7 ಲಕ್ಷ ಸಣ್ಣ ಉದ್ದಿಮೆ, 10 ಲಕ್ಷ ಜನಕ್ಕೆ ಕೆಲಸ ಎಂದು ಗುರಿ. ಈ ಯೋಜನೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಕಾಂ ಮಾಡಿದವನಿಗೆ ಈ ಚಟ ಹೋಗುವುದಿಲ್ಲ, ಕ್ಷಮಿಸಿ.

ಅಂಗಡಿಗೋ ಬೂತಿಗೋ 50,000 ರೂಪಾಯಿಯ ಯೋಜನೆ ಎಂದುಕೊಳ್ಳಿ. ಹುಡುಗ ಹಾಕಬೇಕಾದದ್ದು ನೂರಕ್ಕೆ ಐದರಂತೆ 2,500. ಜಾಮೀನು ಬೇಡ. ಸಬ್ಸಿಡಿ ನೂರಕ್ಕೆ ಹದಿನೈದು, ಹೆಚ್ಚೆಂದರೆ 7,500. ಸಾಲ ಮಂಜೂರಾದ ಮೇಲೆ, ಹಣ ಕೈಗೆ ಬರುವ ಮುಂಚೆ ತರಬೇತಿ ಕಡ್ಡಾಯ. ಎಷ್ಟು ದಿನ? ಕೈಗಾರಿಕೆಯಾದರೆ 15ರಿಂದ 20 ದಿನ, ಅಂಗಡಿ ಮತ್ತು ಸೇವೆಯಾದರೆ 7ರಿಂದ 10 ದಿನ. ಅಂಗಡಿಯ ಹುಡುಗನ ತರಬೇತಿಗೆ ಸರ್ಕಾರ ಕೊಡುತ್ತಿದ್ದದ್ದು 150 ರೂಪಾಯಿ ಭತ್ಯೆ, 350 ರೂಪಾಯಿ ಖರ್ಚು, ಒಟ್ಟು 500. ಸಬ್ಸಿಡಿಗೆ 7,500, ಕಲಿಸುವುದಕ್ಕೆ 500. ಹದಿನೈದಕ್ಕೆ ಒಂದು! ಯೋಜನೆಯ ಹಣೆಬರಹ ಈ ಒಂದು ಸಾಲಿನಲ್ಲೇ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಕೊಂಕಣದ ಒಂದು ತಾಲೂಕು ಊರಿನ ಶಾಖೆಗೆ ಹಾಕಿದ್ದರು. ವರ್ಷವಿಡೀ ನಿದ್ದೆ ಮಾಡುತ್ತಿದ್ದ ಅರ್ಜಿಗಳು ಫೆಬ್ರವರಿಯಲ್ಲಿ ಎದ್ದು ಕೂರುತ್ತಿದ್ದವು. ಮಾರ್ಚ್ 31ರೊಳಗೆ ಗುರಿ ಮುಟ್ಟಬೇಕು, ಇಲ್ಲವಾದರೆ ಮೇಲಿನವರಿಂದ ಫೋನ್. ನಮ್ಮ ಶಾಖೆಗೆ ಬಂದ ಅರ್ಜಿಗಳಲ್ಲಿ ಮುಕ್ಕಾಲು ಎಸ್‌ಟಿಡಿ ಬೂತ್, ಝೆರಾಕ್ಸ್, ಇಲ್ಲವೇ ಕಿರಾಣಿ ಅಂಗಡಿ. ಬಸ್ ಸ್ಟ್ಯಾಂಡಿನ ಎದುರು ಒಂದೇ ಸಾಲಿನಲ್ಲಿ ಐದು ಹಳದಿ ಬೋರ್ಡು. ತರಬೇತಿ ಎಲ್ಲರಿಗೂ ಒಂದೇ ಹಾಲಿನಲ್ಲಿ, ಒಂದೇ ಭಾಷಣ. ಬೂತಿನವನಿಗೂ ಅದೇ, ವೆಲ್ಡಿಂಗಿನವನಿಗೂ ಅದೇ. ಕೊನೆಗೊಂದು ಸರ್ಟಿಫಿಕೇಟು, ಅದರ ಝೆರಾಕ್ಸ್ ನಮ್ಮ ಫೈಲಿಗೆ.

ಅಲ್ಲಿ ಇಬ್ಬರು ಹುಡುಗರು ನೆನಪಿದ್ದಾರೆ. ಒಬ್ಬ ಆರು ವರ್ಷ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿದವನು, ಹತ್ತನೇ ಕ್ಲಾಸು ಫೇಲು. ಸಾಲ ಸಿಕ್ಕ ಮೇಲೆ ಸ್ಕೂಟರ್ ರಿಪೇರಿ ಅಂಗಡಿ ಹಾಕಿದ. ಕಂತು ಹಿಂದೆ ಮುಂದೆ ಆದರೂ ಕಟ್ಟಿ ಮುಗಿಸಿದ. ಇನ್ನೊಬ್ಬ ಬಿಎ, ಒಳ್ಳೆಯ ಮನೆತನ, ಒಳ್ಳೆಯ ಮಾತು. ಅವನದು ಬೂತ್. ಎರಡು ವರ್ಷ ನಡೆಯಿತು. ಆಮೇಲೆ ಮೊಬೈಲ್ ಬಂತು, ದರ ಇಳಿಯಿತು. ಬಸ್ ಸ್ಟ್ಯಾಂಡಿನ ಐದೂ ಬೋರ್ಡುಗಳು ಒಂದೊಂದಾಗಿ ಇಳಿದವು. ಹುಡುಗನ ತಪ್ಪು ಅದರಲ್ಲಿ ಏನೂ ಇಲ್ಲ. ಆದರೆ ಬೂತ್ ಮುಚ್ಚಿದ ಮೇಲೆ ಇನ್ನೊಂದು ಕೆಲಸಕ್ಕೆ ಕೈ ಹಾಕಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಬ್ಯಾಂಕಿನ ನೋಟಿಸು, ಆಮೇಲೆ ವಸೂಲಿ ಜೀಪು. ಜೀಪು ಊರೊಳಗೆ ಬಂದರೆ ಯಾರ ಮನೆಗೆ ಎಂದು ಇಡೀ ಓಣಿಗೆ ಗೊತ್ತಾಗುತ್ತದೆ. ಹುಡುಗ ಒಂದು ರಾತ್ರಿ ಮುಂಬಯಿಗೆ ಹೊರಟು ಹೋದ ಎಂದು ಅವನ ತಂದೆ ಶಾಖೆಗೆ ಬಂದು ಹೇಳಿದರು. ಮುಂಬಯಿಗೆ ಹೋಗುವುದನ್ನು ತಡೆಯಲೆಂದು ಕೊಟ್ಟ ಸಾಲದಿಂದಾಗಿಯೇ ಅವನು ಮುಂಬಯಿಗೆ ಹೋದ. ಆ ಮನೆಯ ಹೆಸರು ಸುಸ್ತಿದಾರರ ಪಟ್ಟಿಯಲ್ಲಿ ಉಳಿಯಿತು. ಬಡ್ಡಿಗಿಂತ ದೊಡ್ಡ ನಷ್ಟ ಇದು, ಆದರೆ ನಮ್ಮ ಲೆಡ್ಜರಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಪೇಟೆಗಳಲ್ಲಿ 1997ರ ಡಿಸೆಂಬರ್ 1ರಿಂದ ಇದೇ ಕೆಲಸ ನಗರಸಭೆಗಳ ಕೈಗೆ ಬಂತು. ಸ್ವರ್ಣ ಜಯಂತಿ ಶಹರಿ ರೋಜಗಾರ್ ಯೋಜನೆ, ನಾಲಿಗೆ ಹೊರಳದವರಿಗೆ ಎಸ್‌ಜೆಎಸ್‌ಆರ್‌ವೈ. ನೂರರಲ್ಲಿ 75 ಕೇಂದ್ರದ್ದು, 25 ರಾಜ್ಯದ್ದು, ಮನೆ ಮನೆ ತಿರುಗಿ ಫಲಾನುಭವಿಗಳನ್ನು ಹುಡುಕುವ ಕೆಲಸ ನಗರಸಭೆಯದು. ಇದರಲ್ಲಿ ಕಸುಬು ಕಲಿಸಲು ತಲೆಗೆ 2,000 ರೂಪಾಯಿ, ಅದರೊಳಗೇ 600 ರೂಪಾಯಿವರೆಗಿನ ಉಪಕರಣದ ಪೆಟ್ಟಿಗೆ, ಕಡಿಮೆಯೆಂದರೆ 300 ಗಂಟೆ ಪಾಠ. ಪಿಎಂಆರ್‌ವೈ ಮುಂದಿಟ್ಟು ನೋಡಿದರೆ ಇದು ಎಷ್ಟೋ ವಾಸಿ. ನಗರಸಭೆಯಿಂದ ಬರುತ್ತಿದ್ದ ಸಮುದಾಯ ಸಂಘಟಕಿಯರು ವಾರ್ಡಿನ ಒಂದೊಂದು ಮನೆಯನ್ನೂ ಬಲ್ಲವರು. ಯಾರ ಗಂಡ ಕುಡಿಯುತ್ತಾನೆ, ಯಾರಿಗೆ ಹೊಲಿಗೆ ಬರುತ್ತದೆ ಎಂಬ ವಿವರ ಯಾವ ಅರ್ಜಿ ಫಾರಂನಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. ಸ್ಥಳೀಯ ಸರ್ಕಾರಕ್ಕೆ ಕೊಟ್ಟರೆ ಬರುವ ಲಾಭ ಇದೇ. ಕರ್ನಾಟಕದಲ್ಲಿ ಇದಕ್ಕೂ ಹತ್ತು ವರ್ಷ ಮೊದಲು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ಮಾಡಿಸಿ ಗ್ರಾಮೀಣಾಭಿವೃದ್ಧಿಯನ್ನು ಅವುಗಳ ಕೈಗಿಟ್ಟವರು ಅಬ್ದುಲ್ ನಜೀರ್ ಸಾಬ್. ಜನ ಅವರನ್ನು ನೀರು ಸಾಬರೆಂದು ನೆನೆಯುತ್ತಾರೆ, ಆದರೆ ಈ ಕೆಲಸ ಕೊಳವೆಬಾವಿಗಿಂತ ಸಣ್ಣದಲ್ಲ.

ಇಲ್ಲೊಂದು ಅಡ್ಡಮಾತು. ಮುಂಬಯಿಯ ನಮ್ಮ ಹೋಟೆಲುಗಳನ್ನು ನೋಡಿ. ಎಪ್ಪತ್ತು-ಎಂಬತ್ತು ವರ್ಷಗಳ ಹಿಂದೆ ಕುಂದಾಪುರ, ಉಡುಪಿ ಕಡೆಯಿಂದ ಬಂದ ಹುಡುಗ ಮೊದಲು ಟೇಬಲ್ ಒರೆಸಿದ. ಆಮೇಲೆ ಚಾ ಕೊಟ್ಟ, ಆರ್ಡರ್ ತಗೊಂಡ, ಹತ್ತು ವರ್ಷಕ್ಕೆ ಗಲ್ಲೆಯಲ್ಲಿ ಕೂತ. ರಾತ್ರಿ ಎಂಟರ ಮೇಲೆ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಕಟ್ಟಿದ. ಹಾಲಿನ ಲೆಕ್ಕ, ತರಕಾರಿ ಮಾರ್ಕೆಟಿನ ಚೌಕಾಸಿ, ಮುನ್ಸಿಪಾಲಿಟಿ ಇನ್ಸ್‌ಪೆಕ್ಟರನ್ನು ಸಂಭಾಳಿಸುವುದು, ಎಲ್ಲ ಗೊತ್ತಾದ ಮೇಲೆ ಯಾರೋ ಊರಿನವರೊಬ್ಬರು "ನೀನು ನಡೆಸು ಮಾರಾಯ, ನಾನು ದುಡ್ಡು ಹಾಕುತ್ತೇನೆ" ಅಂದರು. ಕಸುಬು ಮೊದಲು, ಬಂಡವಾಳ ಆಮೇಲೆ. ಇದನ್ನು ತೀರಾ ಹಾಡಿ ಹೊಗಳುವುದೂ ಬೇಡ. ಗಲ್ಲೆ ತಲುಪಿದವನೊಬ್ಬನಾದರೆ ಟೇಬಲ್ ಒರೆಸುತ್ತಲೇ ಉಳಿದವರು ಎಷ್ಟೋ ಮಂದಿ, ಮತ್ತೆ ದುಡ್ಡು ಹಾಕುವ ಊರಿನವರು ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ. ಸಿಗದವರಿಗಾಗಿಯೇ ಸರ್ಕಾರ ಬೇಕಾಗಿತ್ತು. ಆದರೆ ಸರ್ಕಾರ ಆ ಕ್ರಮವನ್ನೇ ತಿರುಗಿಸಿಬಿಟ್ಟಿತು.

ಕ್ರಮವನ್ನು ನೆಟ್ಟಗೆ ಮಾಡಿದ್ದು ಮೂರನೆಯವರು. 1982ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕನ್ನು ಜತೆಗೆ ಸೇರಿಸಿಕೊಂಡು ರುಡ್‌ಸೆಟ್ ಶುರು ಮಾಡಿದರು. ಇಲ್ಲಿ ಸಬ್ಸಿಡಿ ಇಲ್ಲ, ಭಾಷಣವೂ ಕಡಿಮೆ. ಆರಿಸಿದ ಇಪ್ಪತ್ತೈದು ಮೂವತ್ತು ಹುಡುಗರಿಗೆ ಅಲ್ಲೇ ವಾಸ, ಅಲ್ಲೇ ಊಟ, ಎಲ್ಲ ಪುಕ್ಕಟೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಕಸುಬು, ಮೋಟಾರ್ ರಿವೈಂಡಿಂಗೋ, ಹೊಲಿಗೆಯೋ, ಹೈನುಗಾರಿಕೆಯೋ. ಜೊತೆಗೆ ಲೆಕ್ಕ ಬರೆಯುವುದು, ಗಿರಾಕಿ ಜತೆ ಮಾತಾಡುವುದು, ಬ್ಯಾಂಕಿಗೆ ಹೋಗಿ ಹೆದರದೆ ಕೂರುವುದು. ಕೋರ್ಸು ಮುಗಿದ ಮೇಲೆ ಸಾಲಕ್ಕೆ ಅರ್ಜಿ. ಅಲ್ಲಿಗೂ ಬಿಡುವುದಿಲ್ಲ, ಎರಡು ವರ್ಷ ಬೆನ್ನ ಹಿಂದೆ ಬಿದ್ದು ವಿಚಾರಿಸುತ್ತಾರೆ.

ಅಲ್ಲಿನ ಪಾಠದಲ್ಲಿ ಒಂದು ಆಟವಿದೆ, ಅದರ ಮೂಲ ಹುಡುಕಿದರೆ ನಾವು ಆಂಧ್ರಕ್ಕೆ ಹೋಗಬೇಕಾಗುತ್ತದೆ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1964ರಲ್ಲಿ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ಜತೆಗೂಡಿ ಕಾಕಿನಾಡದ ಸುಮಾರು ಐವತ್ತು ವ್ಯಾಪಾರಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಸಾಲ ಕೊಡಲಿಲ್ಲ, ಯಂತ್ರ ಕೊಡಲಿಲ್ಲ. ಏನಾದರೂ ಸಾಧಿಸಬೇಕೆಂಬ ಹಂಬಲವನ್ನು ಕಲಿಸಲು ಆಗುತ್ತದೆಯೇ ಎಂಬುದು ಪ್ರಶ್ನೆ. ಮುಂದಿನ ವರ್ಷಗಳಲ್ಲಿ, ತರಬೇತಿ ಇಲ್ಲದವರಿಗಿಂತ ಇವರು ಹೆಚ್ಚು ಚುರುಕಾಗಿ ಬಂಡವಾಳ ಹೂಡಿದರು, ಹೆಚ್ಚು ಜನರನ್ನು ಕೆಲಸಕ್ಕಿಟ್ಟುಕೊಂಡರು ಎಂದು ಅವರು ಬರೆದರು. ಅದರ ನಂತರ ಗುಜರಾತಿನ ಸರ್ಕಾರಿ ನಿಗಮಗಳು 1970ರ ಹೊತ್ತಿಗೆ ಹೊಸಬರಿಗೆ ಉದ್ಯಮಶೀಲತಾ ತರಬೇತಿ ಶುರು ಮಾಡಿದವು.

ಮೆಕ್ಲೆಲ್ಯಾಂಡರ ಆಟ ಹೀಗೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಯಂಥ ರಿಂಗುಗಳು. ಎಷ್ಟು ದೂರ ನಿಂತು ಎಸೆಯಬೇಕು ಎಂಬುದು ಎಸೆಯುವವನ ಇಷ್ಟ. ಕೆಲವರು ಗೂಟದ ಮೂಗಿಗೇ ತಾಗಿ ನಿಲ್ಲುತ್ತಾರೆ, ಎಲ್ಲವೂ ಬೀಳುತ್ತದೆ, ಅದರಲ್ಲಿ ಸ್ವಾರಸ್ಯವಿಲ್ಲ. ಕೆಲವರು ಗೋಡೆಗೆ ಬೆನ್ನು ಹಚ್ಚಿ ದೂರದಿಂದ ಎಸೆಯುತ್ತಾರೆ, ಬಿದ್ದರೆ ಅದೃಷ್ಟ. ದಂಧೆ ಮಾಡಬಲ್ಲವನು ನಡುವೆ ನಿಲ್ಲುತ್ತಾನೆ, ತಪ್ಪಿದರೆ ಅರ್ಧ ಹೆಜ್ಜೆ ಮುಂದೆ ಬರುತ್ತಾನೆ. ನಮ್ಮ ಬ್ಯಾಂಕಿನ ಲೀಡ್ ಜಿಲ್ಲೆಯೊಂದರ ತರಬೇತಿ ಕೇಂದ್ರಕ್ಕೆ ಅತಿಥಿಯಾಗಿ ಹೋದಾಗ ಈ ಆಟ ನೋಡಿದೆ. ಬ್ಯೂಟಿ ಪಾರ್ಲರ್ ಬ್ಯಾಚಿನ ಹುಡುಗಿಯರು. ಒಬ್ಬಳು ಮೊದಲ ಸಲ ಗೋಡೆಯ ಹತ್ತಿರ ನಿಂತು ಐದೂ ತಪ್ಪಿಸಿಕೊಂಡಳು, ಎಲ್ಲರೂ ನಕ್ಕರು. ಎರಡನೇ ಸಲ ಎರಡು ಹೆಜ್ಜೆ ಮುಂದೆ ಬಂದು ಮೂರು ಹಾಕಿದಳು. ನಾನು ಮೂವತ್ತು ವರ್ಷ ಮಂಜೂರು ಮಾಡಿದ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಹುಡುಗನ ಬಗ್ಗೆ ಇಷ್ಟು ತಿಳಿದಿರಲಿಲ್ಲ.

ದೆಹಲಿ ಇದನ್ನು ಒಪ್ಪಲು 27 ವರ್ಷ ಹಿಡಿಯಿತು. 2009ರಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯ ಉಜಿರೆಯ ಮಾದರಿಯಲ್ಲೇ ಜಿಲ್ಲೆಗೊಂದು ಆರ್‌ಸೆಟಿ ಎಂದು ತೀರ್ಮಾನಿಸಿತು. ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಕೇಂದ್ರದಿಂದ 1 ಕೋಟಿ, ನಡೆಸುವುದು ಜಿಲ್ಲೆಯ ಲೀಡ್ ಬ್ಯಾಂಕ್. ಕಲಿಯುವವರಲ್ಲಿ ನೂರಕ್ಕೆ 70 ಮಂದಿಯಾದರೂ ಬಡತನದ ರೇಖೆಯ ಕೆಳಗಿನ ಹಳ್ಳಿಯವರಿರಬೇಕು. ಈಗ ದೇಶದಲ್ಲಿ 580ಕ್ಕಿಂತ ಹೆಚ್ಚು ಕೇಂದ್ರಗಳಿವೆ. ಎಲ್ಲವೂ ಉಜಿರೆಯಲ್ಲ ಬಿಡಿ. ಕೆಲವು ಕಡೆ ಇದೂ ಒಂದು ಗುರಿಯಾಗಿ, ತಿಂಗಳ ಕೊನೆಯಲ್ಲಿ ತಲೆ ಎಣಿಸುವ ಕೆಲಸವಾಗಿದೆ. ಪಿಎಂಆರ್‌ವೈ 2008ರಲ್ಲಿ ಮುಗಿದು ಪಿಎಂಇಜಿಪಿ ಆಯಿತು, 2015ರಲ್ಲಿ ಮುದ್ರಾ ಬಂತು. ಜಾಮೀನಿಲ್ಲದ ಸಾಲ ಈಗ ಮೊದಲಿಗಿಂತ ಸುಲಭ. ಮೊದಲಿಗಿಂತ ದೊಡ್ಡದು ಕೂಡ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಸೇರಿ ಹುಟ್ಟಿಸಿದ ರುಡ್‌ಸೆಟ್ ಉಜಿರೆಯಲ್ಲಿ ನಡೆದೇ ಇದೆ.

ಊರಿನಿಂದ ಅಕ್ಕನ ಮಗನೋ ಭಾವನ ತಮ್ಮನೋ ಫೋನ್ ಮಾಡಿ "ಮಾವ, ನಿಮ್ಮ ಬ್ಯಾಂಕಿನಲ್ಲಿ ಮುದ್ರಾ ಮಾಡಿಸಿಕೊಡಿ" ಅನ್ನುವುದು ನಮ್ಮ ಮನೆಗಳಲ್ಲಿ ಇರುವುದೇ. ನಾನು ಮೊದಲು ಕೇಳುವುದು ನಿನ್ನ ಜಿಲ್ಲೆಯ ಆರ್‌ಸೆಟಿ ಎಲ್ಲಿದೆ ಗೊತ್ತಾ ಅಂತ. ಗೊತ್ತಿಲ್ಲವಾದರೆ ಲೀಡ್ ಬ್ಯಾಂಕಿನಲ್ಲಿ ವಿಚಾರಿಸು, ಕೋರ್ಸಿಗೆ ಹೆಸರು ಬರೆಸು, ಮುಗಿಸಿ ಬಂದ ಮೇಲೆ ಸಾಲದ ಮಾತಾಡೋಣ ಅನ್ನುತ್ತೇನೆ. ಹೋದ ತಿಂಗಳು ಹೀಗೆ ಹೇಳಿದ್ದಕ್ಕೆ ಒಬ್ಬನಿಗೆ ಸಿಟ್ಟೇ ಬಂತು. ಸಾಲ ಕೊಡಿಸದ ಮಾವ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದಾನಂತೆ. ಆದರೂ ಸೋಮವಾರ ಹೋಗಿ ಎಸಿ ರಿಪೇರಿ ಬ್ಯಾಚಿಗೆ ಹೆಸರು ಕೊಟ್ಟಿದ್ದಾನೆ, ಅಕ್ಕ ಹೇಳಿದಳು.